ಕ್ಲಚ್ಚಿಲ್ಲದ ಇಳಿಜಾರು

ಬೆಟ್ಟದ ನೆತ್ತಿಯ ಗುಡಿಸಲಲ್ಲಿ ಒಬ್ಬನೇ ಕೂತು ಮಳೆ, ಗಾಳಿ ಅಳೆಯುವ ಮೋಡದಜ್ಜ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಾನೆಂದು ವೈರ್‌ಲೆಸ್ಸಿನಲ್ಲಿ ಸುದ್ದಿ ಬಂದಾಗ ಅಕ್ಕ ಆಗಷ್ಟೇ ಇನ್ನೊಬ್ಬ ರೋಗಿಯನ್ನು ಇಳಿಸಿ ಮುಖ ತೊಳೆಯುತ್ತಿದ್ದಳು. ಆಸ್ಪತ್ರೆಯ ಹಳೇ ಜೀಪಿಗೆ ಅವಳೊಬ್ಬಳೇ ಡ್ರೈವರು. ಮಳೆಗಾಲ, ಸಂಜೆಗೆ ದಾರಿಯ ಹೊಳೆ ಏರುತ್ತದೆ. ಅಷ್ಟರೊಳಗೆ ಅಜ್ಜನನ್ನು ಕೆಳಗೆ ತರಬೇಕು. ಅಲ್ಲೇ ನರ್ಸಾಗಿದ್ದ ತಮ್ಮ ಸ್ಟ್ರೆಚರ್ ಹಾಕಿಕೊಂಡು ಪಕ್ಕದಲ್ಲಿ ಕೂತ.

ಹೊಳೆ ದಾಟಿದ ಮೇಲೆ ರಸ್ತೆ ಎಂಬುದು ಹೆಸರಿಗಷ್ಟೇ. ಒತ್ತೊತ್ತಾಗಿ ನಿಂತ ಎತ್ತರದ ಮರಗಳು ಮೇಲೇರಿದಂತೆ ಕುಳ್ಳಾದವು, ಗಾಳಿಗೆ ಬಾಗಿದವು, ಕೊನೆಗೆ ಬರೀ ಬೂದು ಬಂಡೆ ಉಳಿಯಿತು. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ಮಂಜು ತುಂಬಿದ ಕಂದರ. ನಿದ್ದೆಗೆಟ್ಟ ಅಕ್ಕನ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ದಾರಿಯಲ್ಲಿ ಗೇರು ಬಿಗಿ ಹಿಡಿದಾಗ ಸೋತಿರುವುದು ತನ್ನ ಕೈಯೇ ಇರಬೇಕೆಂದುಕೊಂಡಳು.

ಗುಡಿಸಲು ತಲುಪಿ, ಅಜ್ಜನ ಕಾಲಿಗೆ ಹಲಗೆ ಕಟ್ಟಿ, ಜೀಪಿನೊಳಗೆ ಮಲಗಿಸಿ ಹೊರಡಬೇಕೆನ್ನುವಾಗ ಗೇರು ಕರಕರ ಹಲ್ಲು ಕಡಿಯಿತು.

ಅಕ್ಕ ಎಂಜಿನ್ ಆರಿಸಿ ಗೇರು ಹಾಕಿದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಸಲೀಸಾಗಿ ಬಿತ್ತು. ಸ್ಟಾರ್ಟ್ ಮಾಡಿ ಹಾಕಿದರೆ ಮತ್ತದೇ ಕರಕರ. ಹಾಗಾದರೆ ಗೇರ್‌ಬಾಕ್ಸಿನ ತಪ್ಪಲ್ಲ. ಕ್ಲಚ್ಚು ಎಂಜಿನ್ನಿನ ಹಿಡಿತ ಬಿಡಿಸುತ್ತಿಲ್ಲ. ಪೆಡಲನ್ನು ಪದೇ ಪದೇ ತುಳಿದಳು. ಅದು ಒಂದು ಕ್ಷಣ ಗಟ್ಟಿಯಾಗಿದ್ದು, ಆಮೇಲೆ ಕೆಸರಿನಲ್ಲಿ ಹೂತಂತೆ ತಳ ಸೇರಿತು. ಬಾನೆಟ್ ತೆಗೆದರೆ ಕ್ಲಚ್ಚಿನ ಎಣ್ಣೆ ಡಬ್ಬಿ ಖಾಲಿ. ಜೀಪಿನಡಿ ತೂರಿ ನೋಡಿದಳು. ಗೇರ್‌ಬಾಕ್ಸಿನ ಪಕ್ಕದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಬ್ರೇಕಿಗೂ ಇದೇ ಎಣ್ಣೆ ಅಲ್ವಾ? ಅದ್ರಿಂದ ಸ್ವಲ್ಪ ತೆಗೆದು ಹಾಕೋಣ," ಎಂದ ತಮ್ಮ.

"ಸೋರೋ ಕೊಡಕ್ಕೆ ಎಷ್ಟು ಸುರಿದ್ರೇನು? ಕ್ಲಚ್ ಇಲ್ದೆ ಇಳೀಬಹುದು ಕಣೋ. ಬ್ರೇಕ್ ಇಲ್ದೆ ಆಗಲ್ಲ."

ಹಿಂದಿನಿಂದ ಅಜ್ಜ ಕ್ಷೀಣವಾಗಿ ಹೇಳಿದ: "ನಿಧಾನ ಹೋಗಮ್ಮ. ಇನ್ನೊಂದು ಕಾಲು ನೆಟ್ಟಗಿದೆ."

ಎಂಜಿನ್ ಆರಿಸಿ ಮೊದಲ ಗೇರಿಗೆ ಹಾಕಿ ಕೀ ತಿರುಗಿಸಿದಳು. ಜೀಪು ಕುಪ್ಪಳಿಸಿ ಹೊರಟಿತು. ಆಮೇಲಿನದೆಲ್ಲ ಕಿವಿಯ ಕೆಲಸ. ಆಕ್ಸಿಲರೇಟರ್ ಸಡಿಲಿಸಿ, ಎಂಜಿನ್ನಿನ ದನಿಯೂ ಚಕ್ರದ ಓಟವೂ ಹೊಂದುವ ಘಳಿಗೆಗೆ ಕಾದು ಗೇರು ಜಾರಿಸಬೇಕು. ಅಂದಾಜು ತಪ್ಪಿದಾಗಲೆಲ್ಲ ಜೀಪು ಎತ್ತಿಹಾಕುತ್ತಿತ್ತು. ಅಜ್ಜ ಟವೆಲಿನ ತುದಿ ಕಚ್ಚಿಕೊಳ್ಳುತ್ತಿದ್ದ. ಅದು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಹೊಳೆ ಆಗಲೇ ಏರಿತ್ತು.

ನಿಲ್ಲಿಸದೆ ನೀರಿಗಿಳಿದಳು. ನಡುವೆ ಚಕ್ರಕ್ಕೆ ಬಂಡೆ ಸಿಕ್ಕಿತು. ಜೀಪು ಮುಗ್ಗರಿಸಿತು. ಎಂಜಿನ್ ಆರಿತು.

ಬಾಗಿಲಡಿಯಿಂದ ನೀರು ಒಳನುಗ್ಗಿತು. ಇಳಿದು ತಳ್ಳಲೆಂದು ತಮ್ಮ ಬಾಗಿಲಿಗೆ ಕೈ ಹಾಕಿದ.

"ಕೂತ್ಕೋ. ಅಜ್ಜನ ಕಾಲು ಹಿಡ್ಕೋ."

ಮೊದಲ ಗೇರು. ಕೀ. ಜೀಪು ಗೇಣುದ್ದ ಜಗ್ಗಿ ನಿಂತಿತು. ಮತ್ತೆ ಕೀ. ಬ್ಯಾಟರಿಯ ದನಿ ಕುಗ್ಗಿತು. ಅವಳು ಕಣ್ಣು ಮುಚ್ಚಿ, ಉಸಿರು ಹಿಡಿದು, ಇನ್ನೊಮ್ಮೆ ತಿರುಗಿಸಿದಳು. ಚಕ್ರ ಬಂಡೆಯ ಮೇಲೆ ಹತ್ತಿತು. ಎಂಜಿನ್ ಕೆಮ್ಮಿ ಸ್ಟಾರ್ಟಾಯಿತು. ಜೀಪು ನೀರು ಸುರಿಸುತ್ತ ದಡ ಹತ್ತಿತು.

ಹೊತ್ತು ಮುಳುಗುವಾಗ ಆಸ್ಪತ್ರೆಯ ಬಾಗಿಲೆದುರು ಎಂಜಿನ್ ಆರಿಸಿದಳು. ಜೀಪು ಕೊನೆಯ ಸಲ ಕುಲುಕಿ ನಿಂತಿತು. ಅಜ್ಜನನ್ನು ಒಳಗೆ ಒಯ್ದರು. ಅವಳು ಸ್ಟೀರಿಂಗಿಗೆ ಹಣೆ ಊರಿ ಕೂತಳು.

ಎಷ್ಟೋ ಹೊತ್ತಿನ ಮೇಲೆ ತಮ್ಮ ಬಂದ. ಪಾದ ಬೆಚ್ಚಗಿದೆಯಂತೆ, ರಕ್ತ ಓಡುತ್ತಿದೆಯಂತೆ, ಕಾಲು ಉಳಿಯುತ್ತದೆಂದು ಡಾಕ್ಟರು ಹೇಳಿದರಂತೆ. ಅಕ್ಕ ತಲೆಯಾಡಿಸಿದಳು. ನಗಬೇಕೆನಿಸಿತು, ದಣಿವಿಗೆ ಮುಖ ಅರಳಲಿಲ್ಲ.

ಅಷ್ಟರಲ್ಲಿ ವಾಚ್‌ಮನ್ ಬಂದು, ಗಾಡಿ ದಾರಿಗೆ ಅಡ್ಡ ಇದೆ, ತೆಗೀರಿ ಎಂದ.

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಅವಳು ಗೇರು ಬಿಡಿಸಿ ಕೆಳಗಿಳಿದಳು. ಇಬ್ಬರೂ ಹೆಗಲು ಕೊಟ್ಟು ತಳ್ಳಿದರು. ಜೀಪು ಏನೂ ತಕರಾರು ಮಾಡದೆ ಗೋಡೆಯ ಪಕ್ಕಕ್ಕೆ ಉರುಳಿ ಹೋಗಿ ನಿಂತಿತು.