ಅವನು ಎದ್ದು ಹೋದ ಸಂದರ್ಶನ

"ಕ್ಷಮಿಸಿ, ಈ ಸಂದರ್ಶನದಲ್ಲಿ ನಾನು ಕೂರೋದಿಲ್ಲ."

ಅವಳು ಕುರ್ಚಿ ಎಳೆದು ಕೂರುವಷ್ಟರಲ್ಲಿ ಅವನು ಎದ್ದೇಬಿಟ್ಟ! ಆಯ್ಕೆ ಸಮಿತಿಯ ಉಳಿದ ನಾಲ್ವರು ಮುಖ ಮುಖ ನೋಡಿಕೊಂಡರು. ಅವನು ಕುಲಪತಿಗಳ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಅವಳತ್ತ ಕಣ್ಣೆತ್ತಿಯೂ ನೋಡದೆ ಬಾಗಿಲು ದಾಟಿದ.

ಅವಳು ತಿರುಗಿ ಆ ಬಾಗಿಲನ್ನೇ ನೋಡಿದಳು.

ಕಾನೂನು ಓದುವ ಹುಡುಗರು ಅವಳಿಗೆ 'ಹುಲಿ ಮೇಡಂ' ಎಂದು ಹೆಸರಿಟ್ಟಿದ್ದರು. ಪಾಠ, ಹಾಸ್ಟೆಲ್ ಜಗಳ, ಪರೀಕ್ಷಾ ವಿಭಾಗದ ತಲೆನೋವು, ಎಲ್ಲವನ್ನೂ ಹೊತ್ತು ಬಂದವಳಿಗೆ ಡೀನ್ ಹುದ್ದೆ ಇನ್ನೊಂದೇ ಹೆಜ್ಜೆ. ಅವನೂ ಕಾನೂನು ಪ್ರಾಧ್ಯಾಪಕ, ಪಕ್ಕದ ಕೋಣೆಯವನು. ಕಾರಿಡಾರಿನಲ್ಲಿ ಸಿಕ್ಕಾಗಲೆಲ್ಲ ವಾದ, ಕೊನೆಗೊಂದು ನಗು... ಆ ನಗುವಿಗಾಗಿಯೇ ಅವಳು ಸುತ್ತಿ ಬಳಸಿ ಬರುತ್ತಿದ್ದದ್ದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಅಂಥವನು ಹೀಗೆ ಮಾಡಿದನೇ?

ಅಭ್ಯರ್ಥಿಯೊಂದಿಗೆ ಪಕ್ಷಪಾತ ಹುಟ್ಟಿಸುವ ಸಂಬಂಧವಿರುವ ಸದಸ್ಯ ಹೊರಗೆ ಹೋಗಬೇಕು. ಕಾರಣ ಕುಲಪತಿಗಳಿಗೆ ಮಾತ್ರ ಹೇಳಿದರೆ ಸಾಕು. ಆ ನಿಯಮ ಬರೆದವಳೇ ಅವಳು! ಬರೆಯುವಾಗ ಅವಳ ತಲೆಯಲ್ಲಿದ್ದದ್ದು ಎರಡೇ ಬಗೆಯವರು: ಬಂಧುಗಳು ಮತ್ತು ಹಗೆಗಳು. ಅವನು ಬಂಧುವಂತೂ ಅಲ್ಲ. ಅಂದರೆ...?

ಸಂಜೆ ಫಲಿತಾಂಶ ಬಂತು. ಮತಗಳು ಎರಡಕ್ಕೆ ಎರಡು, ಸಮಸಮ. ಕುಲಪತಿಗಳು ತಮ್ಮ ನಿರ್ಣಾಯಕ ಮತವನ್ನು ಇನ್ನೊಬ್ಬ ಅಭ್ಯರ್ಥಿಗೆ, ಹಿರಿಯರೊಬ್ಬರಿಗೆ ಕೊಟ್ಟಿದ್ದರು.

"ಆ ಮನುಷ್ಯ ನಿನ್ನ ಬೆನ್ನಿಗೆ ಚೂರಿ ಹಾಕ್ದ ಕಣೇ!" ಫೋನಿನಲ್ಲಿ ಅಕ್ಕ ಕೂಗಾಡಿದಳು.

"ಬೆನ್ನಿಗಲ್ಲ ಅಕ್ಕ, ಎದುರಿಗೇ ಹಾಕಿದ್ರು."

ಫೋನ್ ಇಟ್ಟವಳೇ ದಡದಡನೆ ಅವನ ಕೋಣೆಗೆ ನುಗ್ಗಿದಳು. ಅವನು ಉತ್ತರಪತ್ರಿಕೆ ತಿದ್ದುತ್ತಿದ್ದ.

"ನನ್ನ ಮೇಲೆ ಅಷ್ಟೊಂದು ದ್ವೇಷಾನಾ ನಿಮಗೆ?"

ಅವನು ಪೆನ್ನು ಕೆಳಗಿಟ್ಟ. "ದ್ವೇಷಾನಾ...? ನನಗಾ?"

"ನಾಟಕ ಬೇಡ ಸರ್! ನಿಮ್ಮದೊಂದು ಮತ ಬಿದ್ದಿದ್ರೆ ನಾನು ಗೆಲ್ತಿದ್ದೆ."

"ಗೆಲ್ತಿದ್ರಿ. ನಾನು ನಿಮಗೇ ಹಾಕ್ತಿದ್ದೆ. ಆದ್ರೆ ಆಮೇಲೆ ಯಾವ ಮುಖ ಇಟ್ಕೊಂಡು ನಿಮ್ಮನ್ನ ಕೇಳ್ಲಿ?"

"ಏನು ಕೇಳೋದು?"

"ನನ್ನ ಮದ್ವೆ ಆಗ್ತೀರಾ ಅಂತ."

ಅವಳು ಕೈಗೆ ಸಿಕ್ಕ ಕುರ್ಚಿ ಎಳೆದು ಕೂತಳು. ತರಗತಿಯನ್ನು ಗದರಿಸಿ ನಡುಗಿಸುವ ಹುಲಿ ಮೇಡಂ ತಾನೇ ಬರೆದ ನಿಯಮವನ್ನು ಮನಸ್ಸಿನಲ್ಲೇ ಮತ್ತೆ ಓದಿದಳು.

'ಮೂರನೆಯ ಸಂಬಂಧವೊಂದಿದೆ ಅನ್ನೋದೇ ನನಗೆ ಹೊಳೀಲಿಲ್ಲವಲ್ಲ...'

"ನನ್ನ ಮತದಿಂದ ಡೀನ್ ಆಗಿ, ಆಮೇಲೆ ನನ್ನ ಕೈ ಹಿಡಿದಿದ್ರೆ ಜನ ಏನಂತಿದ್ರು? ನಿಮ್ಮ ಇಷ್ಟು ವರ್ಷದ ದುಡಿಮೆ ನೀರುಪಾಲು," ಅವನೆಂದ.

"ಕುಲಪತಿಗಳ ಹತ್ರ ಏನಂದ್ರಿ?"

"ಇವರನ್ನ ಪ್ರೀತಿಸ್ತೀನಿ, ಮತ ಹಾಕೋಕೆ ನಾನು ಲಾಯಕ್ಕಲ್ಲ ಅಂದೆ."

"ಅಯ್ಯೋ! ನನಗಿಂತ ಮೊದ್ಲು ಅವರಿಗೆ ಹೇಳಿದ್ರಾ?"

"ನಿಮ್ಮ ನಿಯಮ ಹಾಗಿದೆ, ಮೇಡಂ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಕೈತಪ್ಪಿದ ಹುದ್ದೆಯ ನೋವು ಇನ್ನೂ ಹಸಿಯಾಗಿತ್ತು. ಆದರೂ ತನ್ನನ್ನು ಇಷ್ಟು ಗೌರವಿಸಿದವರು ಇನ್ನೊಬ್ಬರಿಲ್ಲ ಎನಿಸಿತು.

"ನಾನಂತೂ ಸುಮ್ನಿರಲ್ಲ. ಮುಂದಿನ ಸಲ ಮತ್ತೆ ಅರ್ಜಿ ಹಾಕ್ತೀನಿ."

"ಹಾಕಿ. ನಾನು ಮತ್ತೆ ಎದ್ದು ಹೋಗ್ತೀನಿ."

"ಹೋಗಿ. ಆದ್ರೆ ಕಿವಿಯಲ್ಲಿ ಪಿಸುಗುಟ್ಟೋದು ಬೇಡ." ಅವಳು ಅವನ ಕೈ ಮೇಲೆ ಕೈಯಿಟ್ಟಳು. "ಎಲ್ಲರಿಗೂ ಕೇಳೋ ಹಾಗೆ ಹೇಳಿ... ಅವಳು ನನ್ನ ಹೆಂಡ್ತಿ ಅಂತ!"