ಗಿರಣಿ ಮೇಲಿನ ಡಬ್ಬಿ

“ಏಯ್, ಯಾರ್ರೀ ಅದು? ನಮ್ಮ ನೀರಿನ ಟ್ಯಾಂಕ್ ಮೇಲೆ ನಿಮಗೇನ್ರೀ ಕೆಲಸ? ಇಳೀರಿ ಕೆಳಗೆ!”

ಒದ್ದೆ ಬಟ್ಟೆಯ ಬಕೆಟ್ ಕುಕ್ಕಿ ಗುಬ್ಬಿ ಕೂಗಿದಳು. ಮೇಲೆ ಆಂಟೆನಾ ಇದ್ದ ಪುಟ್ಟ ಡಬ್ಬಿಯೊಂದನ್ನು ಬಿಗಿಯುತ್ತಿದ್ದವನು ಬೆಚ್ಚಿಬಿದ್ದ. ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡಿದ್ದರಿಂದ ಮಾತು ಹೊರಡದೆ ಮೆಟ್ಟಿಲ ಕಡೆ ಕೈ ತೋರಿಸಿದ.

ಅಪ್ಪ ಏದುಸಿರು ಬಿಡುತ್ತಾ ಹತ್ತಿ ಬಂದರು. ಸ್ಲೇಟಿನ ಮೇಲೆ ಬರೆದರು: ‘ನಾನೇ ಕರೆಸಿದ್ದು.’

ಅವರ ಮುಖದಲ್ಲಿ ನಗು! ಗುಬ್ಬಿ ಆ ನಗು ನೋಡಿ ಎಷ್ಟು ತಿಂಗಳಾಗಿತ್ತು...

ಮೂವತ್ತು ವರ್ಷ ಹವ್ಯಾಸಿ ರೇಡಿಯೊದಲ್ಲಿ ಗೆಳೆಯರ ಜೊತೆ ಹರಟಿದ ಮನುಷ್ಯ. ಗಂಟಲಿನ ಆಪರೇಷನ್ ಆದಮೇಲೆ ದನಿಯೇ ಹೋಯಿತು. ಮೈಕಿನ ಮೇಲೆ ಬಟ್ಟೆ ಮುಚ್ಚಿ, ಗೋಡೆ ನೋಡುತ್ತಾ ಕೂತುಬಿಟ್ಟಿದ್ದರು.

“ಲಿಫ್ಟ್ ರಿಪೇರಿ ನನ್ನ ಕೆಲಸ ರೀ. ಇದು ಹುಚ್ಚು,” ಅವನು ಇಳಿದು ಬಂದು ಹೇಳಿದ. “ಇದರಲ್ಲಿ ಮಾತಾಡೋದೇ ಬೇಡ, ಟೈಪ್ ಮಾಡಿದ್ರೆ ಸಾಕು. ಈ ಡಬ್ಬಿ ಪಕ್ಕದ ಡಬ್ಬಿಗೆ ದಾಟಿಸುತ್ತೆ, ಅದು ಮುಂದಿನದಕ್ಕೆ. ಫೋನ್ ಕಂಪನಿ ಹಂಗಿಲ್ಲ. ಒಂದು ಜೊತೆ ಚಪ್ಪಲಿಯಷ್ಟು ಖರ್ಚು, ಅಷ್ಟೇ.”

“ನಾನು ಕಳ್ಳ ಅಂದ್ಕೊಂಡೆ...”

“ಟ್ಯಾಂಕಲ್ಲಿ ಕದಿಯೋಕೆ ಏನಿದೆ? ಪಾಚಿ!”

ಗುಬ್ಬಿಗೆ ನಗು ತಡೆಯಲಾಗಲಿಲ್ಲ.

ಆ ಸಂಜೆಯೇ, ಟೈಪ್ ಮಾಡಲೆಂದು ಅವನು ಅಪ್ಪನ ಕೈಗೆ ಕೊಟ್ಟುಹೋಗಿದ್ದ ಪುಟ್ಟ ಯಂತ್ರ ಕಿಣಿಕ್ ಎಂದಿತು. ‘ಎಲ್ಲಿ ಹಾಳಾಗಿ ಹೋಗಿದ್ದೆಯೋ ಮುದುಕಾ?’ ಊರಾಚೆಯ ಹಳೇ ಗೆಳೆಯ! ಅಪ್ಪ ಮಗುವಿನ ಹಾಗೆ ಅತ್ತುಬಿಟ್ಟರು.

ಗುಬ್ಬಿ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅಲ್ಲಿಂದ ಅಪ್ಪನನ್ನು ವಿಚಾರಿಸಲು ಅವಳಿಗೂ ಒಂದು ಯಂತ್ರ ಬಂತು. ‘ಅಪ್ಪ ಮಾತ್ರೆ ತಗೊಂಡ್ರಾ?’ ಎಂದು ಆ ಲಿಫ್ಟ್ ಮೆಕ್ಯಾನಿಕ್ ಕೇಳುವುದು, ಅವಳು ಉತ್ತರಿಸುವುದು. ಬರಬರುತ್ತಾ ಅದು ‘ನೀವು ಊಟ ಮಾಡಿದ್ರಾ?’ ಎಂದಾಯಿತು. ಆಮೇಲಾಮೇಲೆ ಅಪ್ಪನ ಸುದ್ದಿಯೇ ಇಲ್ಲ!

ಒಂದು ದಿನ ಅವಳು ಧೈರ್ಯ ಮಾಡಿದಳು. ಬಾಯಿಬಿಟ್ಟು ಹೇಳಲು ನಾಚಿಕೆ, ಬೆರಳಿಗೆ ಅಷ್ಟಿರಲಿಲ್ಲ.

‘ನಾಳೆ ಐದಕ್ಕೆ ಲೈಬ್ರರಿ ಹತ್ತಿರ ಬನ್ನಿ. ಅಪ್ಪನ ವಿಷಯ ಅಲ್ಲ. ನಮ್ಮ ವಿಷಯ.’

ಮರುದಿನ ಲೈಬ್ರರಿ ಮೆಟ್ಟಿಲ ಮೇಲೆ ಕಾದಳು. ಐದಾಯಿತು. ಆರಾಯಿತು. ಕಾವಲುಗಾರ ಬಾಗಿಲು ಹಾಕಿ, “ಯಾರಾದ್ರೂ ಬರಬೇಕಿತ್ತಾ ತಾಯಿ?” ಎಂದ. ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. ‘ಇಷ್ಟ ಇಲ್ಲ ಅಂತ ಒಂದು ಸಾಲು ಬರೆಯೋಕೂ ಆಗಲಿಲ್ವಾ?’

ಎರಡು ದಿನ ಬಿಟ್ಟು ಅವನು ಏನೂ ಆಗದವನ ಹಾಗೆ ನಗುತ್ತಾ ಬಂದಾಗ ಗುಬ್ಬಿ ಹೊಸ್ತಿಲಲ್ಲೇ ತಡೆದಳು.

“ಇನ್ಮೇಲೆ ನಮ್ಮನೆಗೆ ಬರಬೇಡಿ.”

“ಯಾಕ್ರೀ... ನಾನೇನು ತಪ್ಪು ಮಾಡಿದೆ?”

“ಗೊತ್ತಿಲ್ದೇ ಇರೋ ಹಾಗೆ ನಾಟಕ ಬೇಡ!”

ಅವನ ಮುಖ ಬಾಡಿತು. ಬಂದ ಹಾಗೇ ತಿರುಗಿ ಹೊರಟುಹೋದ.

ವಾರ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಸ್ಲೇಟ್ ಮುಂದೆ ಹಿಡಿದರು: ‘ಊರಾಚೆಯವರ ಸುದ್ದಿ ಹನ್ನೊಂದು ದಿನದಿಂದ ಬಂದಿಲ್ಲ. ನಾ ಕಳಿಸಿದ್ದಕ್ಕೆ ತಲುಪಿದ ಗುರುತೂ ಇಲ್ಲ. ನಡುವೆ ಹಿಟ್ಟಿನ ಗಿರಣಿ ಮೇಲಿರುವ ಡಬ್ಬಿ ಕೆಟ್ಟಿರಬೇಕು.’

ಹನ್ನೊಂದು ದಿನ...!

ಗುಬ್ಬಿ ತನ್ನ ಯಂತ್ರ ತೆಗೆದಳು. ಅವನ ಮನೆಯೂ ಗಿರಣಿಯಾಚೆಗೇ. ಅವಳ ಆ ಸಂದೇಶದ ಪಕ್ಕದಲ್ಲೂ ಗುರುತಿರಲಿಲ್ಲ. ಕಳಿಸಿದ ಸಡಗರದಲ್ಲಿ ಅವಳು ನೋಡಿಯೇ ಇರಲಿಲ್ಲ!

‘ಅಯ್ಯೋ... ಏನು ಮಾಡಿಬಿಟ್ಟೆ ನಾನು!’

ಚಪ್ಪಲಿ ಮೆಟ್ಟಿದವಳೇ ಹಿಟ್ಟಿನ ಗಿರಣಿಗೆ ಓಡಿದಳು. ಮೊದಲು ಆ ಡಬ್ಬಿಯನ್ನು ಕಣ್ಣಾರೆ ನೋಡಬೇಕಿತ್ತು. ಕಬ್ಬಿಣದ ಏಣಿ ಹತ್ತಿ ತಾರಸಿಗೆ ಕಾಲಿಟ್ಟರೆ... ಅವನು! ತಲೆಯೆಲ್ಲ ಹಿಟ್ಟಿನ ಧೂಳು, ಕೈಯಲ್ಲಿ ಹೊಸ ಬ್ಯಾಟರಿ.

ಅವಳನ್ನು ಕಂಡು ಎದ್ದುನಿಂತ. “ಮನೆಗೆ ಬರಬೇಡಿ ಅಂದ್ರಿ, ಬಂದಿಲ್ಲ. ಆದ್ರೆ ನಿಮ್ಮಪ್ಪ ಮತ್ತೆ ಒಂಟಿಯಾಗಬಾರದಲ್ವಾ? ಗಿರಣಿಯವರು ಇವತ್ತಷ್ಟೇ ಬೀಗ ತೆಗೆದ್ರು. ಮುಗಿಸಿ ಹೋಗ್ತೀನಿ.”

ಗುಬ್ಬಿಯ ಕಣ್ಣು ತುಂಬಿತು. “ನಾನೊಂದು ಸಂದೇಶ ಕಳಿಸಿದ್ದೆ... ನಿಮಗೆ ತಲುಪಲೇ ಇಲ್ಲ. ನೀವು ಬೇಕಂತಲೇ ಬರಲಿಲ್ಲ ಅಂದ್ಕೊಂಡೆ. ಒಂದು ಮಾತೂ ಕೇಳದೆ ಬೈದು ಕಳಿಸಿದೆ. ತಪ್ಪಾಯ್ತು ರೀ...”

“ಏನಂತ ಕಳಿಸಿದ್ರಿ?”

ಅವಳು ಯಂತ್ರ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ.

“ಉಹೂಂ. ಬಾಯಲ್ಲೇ ಹೇಳಿ.”

ಕೆಳಗೆ ಗಿರಣಿ ಶುರುವಾಗಿ ತಾರಸಿಯೇ ಅದುರತೊಡಗಿತು. ಗುಬ್ಬಿ ಕಣ್ಣು ಮುಚ್ಚಿ, ಗಟ್ಟಿಯಾಗಿ ಕೂಗಿದಳು: “ನೀವಂದ್ರೆ ನನಗೆ ಇಷ್ಟ! ತುಂಬಾ ಇಷ್ಟ!”

ಅಷ್ಟರಲ್ಲೇ ಗಿರಣಿ ಗಕ್ಕನೆ ನಿಂತಿತು. ಕೊನೆಯ ‘ಇಷ್ಟ’ ಬೀದಿಗೆಲ್ಲ ಕೇಳಿಸಿತು!

ಅವಳು ಮುಖ ಮುಚ್ಚಿಕೊಂಡಳು. ಅವನು ಹತ್ತಿರ ಬಂದು ಮೆಲ್ಲಗೆ ಆ ಕೈಗಳನ್ನು ಸರಿಸಿದ.

“ನನಗೂ... ಎಷ್ಟೋ ದಿನದಿಂದ. ಹೇಳಿದ್ರೆ ಮನೆಗೆ ಸೇರಿಸಲ್ವೇನೋ ಅಂತ ಭಯ ಇತ್ತು.”

“ಈಗ?”

“ಈಗ ಮನೆಗೆ ಬರಲಾ?”

“ಬನ್ನಿ,” ಅವಳು ಅವನ ತಲೆಯ ಹಿಟ್ಟು ಕೊಡವುತ್ತಾ ನಕ್ಕಳು. “ಬಂದ ಮೇಲೆ ಹೋಗ್ತೀನಿ ಅಂತ ಮಾತ್ರ ಅನ್ನಬೇಡಿ.”