ಎಲ್ಲರಿಗೂ ಐದೇ ನಿಮಿಷ

"ಟೈಮ್ ಮುಗೀತು ಚಿಕ್ಕಮ್ಮ," ಎಂದವಳೇ ಸಾಸಿವೆ ಹೇರ್ ಡ್ರೈಯರಿನ ಪ್ಲಗ್ ಕಿತ್ತೇಬಿಟ್ಟಳು.

ಚಿಕ್ಕಮ್ಮನ ತಲೆಯ ಎಡಭಾಗ ಒಣಗಿ ರೇಷ್ಮೆಯ ಹಾಗೆ ಹಾರಾಡುತ್ತಿತ್ತು. ಬಲಭಾಗದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು. ಅವಳು ಬ್ಯೂಟಿ ಪಾರ್ಲರ್ ನಡೆಸುವವಳು, ಕೂದಲೆಂದರೆ ಜೀವ. ಇನ್ನೊಂದು ಎರಡು ನಿಮಿಷ ಕೊಡು ಎಂದು ಗೋಗರೆದಳು. ಸಾಸಿವೆ ಕರಗಲಿಲ್ಲ.

"ಎಲ್ಲರಿಗೂ ಐದೇ ನಿಮಿಷ. ರೂಲ್ಸ್ ಅಂದ್ರೆ ರೂಲ್ಸ್."

ಹತ್ತು ವರ್ಷದ ಅವಳಿಗೆ ಸಾಸಿವೆ ಎಂಬ ಅಡ್ಡಹೆಸರು ಬಿದ್ದದ್ದು ಗಾತ್ರ ನೋಡಿ ಅಲ್ಲ. ಕಾವು ತಾಕಿದರೆ ಸಾಕು, ಚಟಪಟ ಸಿಡಿಯುತ್ತಿದ್ದಳು, ಅದಕ್ಕೆ. ಈಗಂತೂ ಅವಳು ಕರೆಂಟ್ ಮಂತ್ರಿ. ಕೇಳಬೇಕೆ?

ಅವಳ ಅಮ್ಮ ಬಸ್ ಡ್ರೈವರ್. ಒಂದು ಹಳೆಯ ಸ್ಕೂಲ್ ವ್ಯಾನ್ ಕೊಂಡು, ಸೀಟುಗಳನ್ನು ಕಿತ್ತು, ಮಂಚ, ಒಲೆ, ಪುಟ್ಟ ಫ್ರಿಜ್ ಇಟ್ಟು, ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ, ಅದನ್ನು ಓಡಾಡುವ ಮನೆ ಮಾಡಿದ್ದಳು. ರಜೆ ಬಂದದ್ದೇ ತಡ, ಅಮ್ಮ, ಅವಳ ತಂಗಿ ಚಿಕ್ಕಮ್ಮ, ಅವರಿಬ್ಬರ ಅಪ್ಪನಾದ ತಾತ, ಮತ್ತು ಸಾಸಿವೆ ಕಾಡಿನಂಚಿನ ಕೆರೆಯ ದಡಕ್ಕೆ ಬಂದಿಳಿದಿದ್ದರು. ಅಲ್ಲಿ ಒಂದು ಲೈಟ್ ಕಂಬವೂ ಇರಲಿಲ್ಲ. ಹಗಲು ಬಿಸಿಲು ಬಿದ್ದರೆ ಪ್ಯಾನೆಲ್ಲು ಬ್ಯಾಟರಿ ತುಂಬಬೇಕು. ಆಮೇಲೆ ಎಲ್ಲಕ್ಕೂ ಆ ಬ್ಯಾಟರಿಯೇ ಗತಿ.

ಬಂದ ದಿನ ಒಬ್ಬೊಬ್ಬರೂ ಸಿಕ್ಕಿದ್ದನ್ನೆಲ್ಲ ಪ್ಲಗ್ಗಿಗೆ ಚುಚ್ಚಿದರು. ಸಂಜೆಯಾಗುವಷ್ಟರಲ್ಲಿ ಫ್ಯಾನ್ ನರಳಿ ನರಳಿ ನಿಂತಿತು. ಫ್ರಿಜ್ ಉಸಿರೆತ್ತಲಿಲ್ಲ. ಒಳಗಿದ್ದ ಐಸ್‌ಕ್ರೀಮ್ ಕರಗಿ, ಕೆಳಗಿದ್ದ ಅಮ್ಮನ ಒಂದು ಶೂ ತುಂಬಾ ತುಂಬಿಕೊಂಡಿತು. ಅಮ್ಮ ಅದಕ್ಕೆ ಕಾಲು ಹಾಕಿದ ಮೇಲೆಯೇ ಗೊತ್ತಾದದ್ದು. ಆ ಕಾಲನ್ನು ಒರೆಸಿಕೊಳ್ಳುತ್ತಲೇ ಅವಳು ಸಾಸಿವೆಯನ್ನು ಮಂತ್ರಿ ಮಾಡಿದ್ದಳು.

ಮರುದಿನ ಬಿಸಿಲಿಗೆ ಬ್ಯಾಟರಿ ಸ್ವಲ್ಪ ತುಂಬಿತು. ಚಿಕ್ಕಮ್ಮನ ಡ್ರೈಯರ್ ಆದ ಮೇಲೆ ತಾತನ ಸರದಿ. ತಾತ ಎಷ್ಟೋ ವರ್ಷ ಬಟ್ಟೆ ಗಿರಣಿಯ ಗದ್ದಲದಲ್ಲಿ ಕೆಲಸ ಮಾಡಿ ಕಿವಿ ಮಂದ ಮಾಡಿಕೊಂಡವರು. ಕಿವಿಯ ಮಶೀನುಗಳನ್ನು ಅವುಗಳ ಪುಟ್ಟ ಡಬ್ಬಿಯಲ್ಲಿಟ್ಟು ಚಾರ್ಜಿಗೆ ಹಾಕಿದರು. ಐದು ನಿಮಿಷಕ್ಕೆ ಸರಿಯಾಗಿ ಸಾಸಿವೆ ಪ್ಲಗ್ ತೆಗೆದು ಕೈಗಿತ್ತಳು. ತಾತ ಡಬ್ಬಿಯ ಕೆಂಪು ದೀಪವನ್ನು ಒಮ್ಮೆ ನೋಡಿದರು. "ಥ್ಯಾಂಕ್ಸ್ ಮಂತ್ರಿಗಳೇ," ಎಂದು ಜೇಬಿಗೆ ಹಾಕಿಕೊಂಡರು.

ಮೂರನೆಯ ದಿನ ಬೆಳಗ್ಗೆಯಿಂದ ಮೋಡ. ಸಾಸಿವೆ ವ್ಯಾನಿನೊಳಗೆ ಬಾಗಿಲ ಬಳಿ ಕೂತು, ಗೋಡೆಯ ಮೀಟರಿನಿಂದ ಕಣ್ಣು ಕೀಳದೆ ಕಾದಳು. ಮಧ್ಯಾಹ್ನ ಮೋಡ ಸರಿದು ಬಿಸಿಲು ಬಿತ್ತು. ಮೀಟರಿನ ನಂಬರು ಸರಸರನೆ ಏರಿತು.

"ತಾತ, ಕರೆಂಟ್ ಬರ್ತಿದೆ!"

ಹೊರಗೆ ಕುರ್ಚಿಯಲ್ಲಿದ್ದ ತಾತ ದಡಕ್ಕನೆ ಎದ್ದರು. "ಕರಡಿ ಬರ್ತಿದೆಯಾ?"

"ಹೂಂ, ಜೋರಾಗಿ ಬರ್ತಿದೆ," ಎಂದಳು ಸಾಸಿವೆ, ಮೀಟರಿನ ಗುಂಗಿನಲ್ಲಿ.

ತಾತ ಒಂದು ಕೈಗೆ ಬಾಣಲೆ, ಇನ್ನೊಂದಕ್ಕೆ ಸೌಟು ಎತ್ತಿಕೊಂಡು ಢಣಢಣ ಬಡಿಯತೊಡಗಿದರು. ಕರಡಿ, ಕರಡಿ ಎಂದು ಅವರು ಹಾಕಿದ ಕೂಗಿಗೆ ಟೈರು ನೋಡುತ್ತಿದ್ದ ಅಮ್ಮ ಒಂದೇ ನೆಗೆತಕ್ಕೆ ವ್ಯಾನಿನೊಳಗೆ ಬಿದ್ದಳು. ತಾತ ಹಿಂದೆಯೇ ನುಗ್ಗಿ ಬಾಗಿಲು ಜಡಿದರು. ಕೆರೆಯಲ್ಲಿ ತಲೆಗೆ ಶಾಂಪೂ ಹಚ್ಚುತ್ತಿದ್ದ ಚಿಕ್ಕಮ್ಮ ಓಡಿ ಬಂದು ನೋಡಿದರೆ ಬಾಗಿಲು ಮುಚ್ಚಿದೆ. ಬೇರೆ ದಾರಿಯೇ ಇಲ್ಲದೆ ಹಿಂದಿನ ಏಣಿ ಹತ್ತಿ ವ್ಯಾನಿನ ತಲೆಯ ಮೇಲೆ ಅಂಗಾತ ಬಿದ್ದುಕೊಂಡಳು.

ಒಳಗೆ ಮೀಟರಿನ ನಂಬರು ದೊಪ್ಪನೆ ಇಳಿಯಿತು. ಸಾಸಿವೆಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿದಳು.

"ಚಿಕ್ಕಮ್ಮ, ಪ್ಯಾನೆಲ್ ಮೇಲಿಂದ ಏಳು, ಬಿಸಿಲು ಅಡ್ಡ ಆಗ್ತಿದೆ."

"ಕರಡಿ ಹೋಯ್ತಾ?"

"ಯಾವ ಕರಡಿ?"

"ಅದನ್ನ ನನ್ನ ಕೇಳ್ತೀಯಾ?" ಎಂದಳು ಚಿಕ್ಕಮ್ಮ, ಕಣ್ಣಿಗಿಳಿದ ನೊರೆ ಒರೆಸುತ್ತಾ.

ಅಮ್ಮ ತಾತನನ್ನು ನೋಡಿದಳು. ತಾತ ಸೌಟಿನಿಂದ ಸಾಸಿವೆಯ ಕಡೆ ತೋರಿಸಿದರು. ಅಮ್ಮ ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಕೇಳಿ, ವಿಷಯ ತಿಳಿಯುವ ಹೊತ್ತಿಗೆ ಎಲ್ಲರಿಗೂ ನಗು ತಡೆಯದಾಯಿತು. ನಗು ಮುಗಿದ ಮೇಲೆ, ಮಶೀನ್ ಯಾಕೆ ಹಾಕಿಲ್ಲ ಎಂದು ಅಮ್ಮ ಸನ್ನೆ ಮಾಡಿದಳು. ತಾತ ಜೇಬಿನಿಂದ ಡಬ್ಬಿ ತೆಗೆದು ತೋರಿಸಿದರು. ಈಗ ಕೆಂಪು ದೀಪವೂ ಇರಲಿಲ್ಲ.

"ನಾನು ಎಲ್ಲರಿಗೂ ಸಮ ಸಮ ಕೊಟ್ಟೆ," ಎಂದಳು ಸಾಸಿವೆ, ಸಿಡಿಯುವ ದನಿಯಲ್ಲಿ.

ಅಮ್ಮ ಬೈಯಲಿಲ್ಲ. ಡ್ರೈಯರಿನ ಹಿಡಿಯ ಮೇಲಿದ್ದ ಸಣ್ಣ ಅಕ್ಷರ ಓದಲು ಹೇಳಿದಳು. ಸಾವಿರದ ಇನ್ನೂರು ವ್ಯಾಟ್. ತಾತನ ಚಾರ್ಜರಿನ ಮೇಲೆ ಬರೀ ಎರಡು. ಬ್ಯಾಟರಿ ನೀರಿನ ಟ್ಯಾಂಕ್ ಇದ್ದ ಹಾಗೆ, ವ್ಯಾಟ್ ಅಂದರೆ ನಲ್ಲಿ ಎಷ್ಟು ದೊಡ್ಡದು ಅನ್ನೋದು, ಅದನ್ನು ಎಷ್ಟು ಹೊತ್ತು ತೆರೆದಿಡ್ತೀವೋ ಅಷ್ಟು ನೀರು ಖಾಲಿ ಎಂದು ವಿವರಿಸಿದಳು. "ಒಂದು ನಲ್ಲಿಯಲ್ಲಿ ಧೋ ಅಂತ ಸುರಿಯುತ್ತೆ. ಇನ್ನೊಂದರಲ್ಲಿ ಹನಿ ಹನಿ. ಎರಡಕ್ಕೂ ಐದೇ ನಿಮಿಷ ಅಂದ್ರೆ?"

ಸಾಸಿವೆ ಹೊರಗೆ ಹೋಗಿ ಮರಳಿನ ಮೇಲೆ ಕಡ್ಡಿಯಿಂದ ಲೆಕ್ಕ ಹಾಕಿದಳು. ತಾತನ ಮಶೀನು ತುಂಬಲು ನಾಲ್ಕು ತಾಸು ಬೇಕು. ಆದರೂ ಅದಕ್ಕೆ ಹೋಗುವುದು ಎಷ್ಟು? ಅಳಿಸಿದಳು, ಮತ್ತೆ ಹಾಕಿದಳು. ಉತ್ತರ ಬದಲಾಗಲಿಲ್ಲ. ಚಿಕ್ಕಮ್ಮನ ಅರ್ಧ ತಲೆ ಒಣಗಿಸಿದ ಕರೆಂಟಿನಲ್ಲಿ ತಾತನ ಕಿವಿಗಳನ್ನು ಹನ್ನೆರಡು ಸಲ ತುಂಬಬಹುದಿತ್ತು.

ಅವಳಿಗೆ ಆ ದಿನ ಬೆಳಗಿನ ತಿಂಡಿಯ ಹೊತ್ತು ನೆನಪಾಯಿತು. ಎಲ್ಲರೂ ನಗುತ್ತಿದ್ದಾಗ ತಾತನೂ ನಕ್ಕಿದ್ದರು. ಒಂಚೂರು ತಡವಾಗಿ, ಎಲ್ಲರ ಮುಖ ನೋಡಿಕೊಂಡು.

ಸಾಸಿವೆ ಡಬ್ಬಿಯನ್ನು ಚಾರ್ಜಿಗೆ ಹಾಕಿ, ಹಸಿರು ದೀಪ ಹೊತ್ತುವ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ. ಚಿಕ್ಕಮ್ಮ ಈ ಸಲ ಪ್ಯಾನೆಲ್ಲಿನಿಂದ ದೂರ, ಬಂಡೆಯ ಮೇಲೆ ಕೂದಲು ಹರಡಿಕೊಂಡು ಕೂತಳು. ಹಾಗೆಯೇ ಒಣಗಿತು.

ಸಂಜೆ ತಾತ ಮಶೀನುಗಳನ್ನು ಕಿವಿಗಿಟ್ಟುಕೊಂಡರು. ಸಾಸಿವೆ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಕೂಗಿದಳು, "ನಿನ್ನೆ ಯಾಕೆ ಇನ್ನೂ ಸ್ವಲ್ಪ ಹೊತ್ತು ಬೇಕು ಅಂತ ಕೇಳಲಿಲ್ಲ ತಾತ?"

"ಯಾಕೆ ಕಿರುಚ್ತೀಯ? ನಾನೇನು ಕಿವುಡನಾ?" ಎಂದರು ತಾತ. ಆಮೇಲೆ ಮೆಲ್ಲಗೆ, "ಎಲ್ಲರಿಗೂ ಅಷ್ಟೇ ಅಂದೆಯಲ್ಲ ಪುಟ್ಟಾ. ಮತ್ತೆ ಕೇಳೋದೇನು?"

ಸಾಸಿವೆ ಸಿಡಿಯಲಿಲ್ಲ.

ಮರುದಿನ ಅಮ್ಮ ಫೋನ್ ಹಿಡಿದು ಮಂತ್ರಿಗಳ ಮುಂದೆ ನಿಂತಳು. "ನಂಗೂ ಐದೇ ನಿಮಿಷ ತಾನೆ?"

ಸಾಸಿವೆ ಚಾರ್ಜರ್ ತಿರುಗಿಸಿ ನಂಬರು ನೋಡಿದಳು. ಆಮೇಲೆ ಅಮ್ಮನ ಮುಖ ನೋಡಿದಳು.

"ನಿನಗೆ ಎಷ್ಟು ಬೇಕು, ಮೊದಲು ಅದನ್ನ ಹೇಳು," ಎಂದು, ಉತ್ತರ ಬರುವವರೆಗೂ ಕಾದಳು.